ಮಾವನ ಸೈಕಲ್ಲಿಗೆ ಹೊಸ ಗಾಲಿ: ಅಳಿಯಂದಿರ ಕೈಪಿಡಿ

ಈ ಕೈಪಿಡಿ ಸೋದರಮಾವನ ಮನೆಯ ಹಿತ್ತಿಲಲ್ಲಿ ಒರಗಿ ನಿಂತಿರುವ ಕರಿ ಸೈಕಲ್ಲಿಗೆ ಮಾತ್ರ ಅನ್ವಯಿಸುತ್ತದೆ. 22 ಇಂಚಿನ ಫ್ರೇಮು, ಅಡ್ಡಕಂಬಿ, ರಾಡ್ ಬ್ರೇಕು, ಹಿಂದೆ ಕ್ಯಾರಿಯರ್ರು. ಅದನ್ನು ಹೈಬ್ರಿಡ್ ಮಾಡಿ ಆಫೀಸಿಗೆ ಓಡಿಸಬೇಕೆಂಬ ಆಸೆ ಅಳಿಯನಿಗೆ ಹುಟ್ಟಿದ ಕೂಡಲೇ ಓದಲು ಶುರುಮಾಡಬೇಕು.

ಪಡೆಯುವ ಕ್ರಮ

"ಸುಮ್ಮನೆ ತುಕ್ಕು ಹಿಡೀತಿದೆಯಲ್ಲ ಮಾವ" ಎನ್ನಬೇಡಿ. ಅವರು ಅದೇ ಸಂಜೆ ಎಣ್ಣೆ ಬಿಟ್ಟು ತಾವೇ ಹತ್ತಿ ಹೊರಡುತ್ತಾರೆ. ರಾತ್ರಿ ಮಂಡಿಗೆ ಮುಲಾಮು ತಿಕ್ಕುವ ಅತ್ತೆ ನಿಮ್ಮನ್ನು ಶಪಿಸುತ್ತಾರೆ. ಅರ್ಜಿ ಅತ್ತೆಯ ಮೂಲಕವೇ ಹೋಗಬೇಕು. ಆ ಜಾಗ ಅವರಿಗೆ ಬೇರೆ ಯಾವುದಕ್ಕೋ ಬೇಕಾಗಿರುತ್ತದೆ.

ಮಾವ ಷರತ್ತು ಹಾಕುತ್ತಾರೆ: ಬಣ್ಣ ಬದಲಿಸಬಾರದು, ಪುರಸಭೆಯ ಬಿಲ್ಲೆ ಕೀಳಬಾರದು, ಬೆಲ್ಲು ಅದೇ ಇರಬೇಕು. ಎಲ್ಲಕ್ಕೂ ಹೂಂ ಅನ್ನಿ. ತಾವು ಒಳಪೆಡಲ್ ಕಲಿತದ್ದು ಇದರ ಮೇಲೆಯೇ ಎಂದು ಅವರು ಹೇಳುವಾಗ ಮೊಬೈಲ್ ನೋಡಿದರೆ ಒಪ್ಪಂದ ರದ್ದಾಗುತ್ತದೆ.

ಬಿಚ್ಚುವ ಮೊದಲು

ಹ್ಯಾಂಡಲಿನ ಕೆಳಗೆ, ಫ್ರೇಮಿನ ಇಳಿಜಾರು ಕೊಳವೆಯ ಅಡಿಭಾಗವನ್ನು ಬೆರಳಿನಿಂದ ಸವರಿ. ಉಬ್ಬೋ ಬಣ್ಣದ ಸುಕ್ಕೋ ಸಿಕ್ಕರೆ ಸೈಕಲ್ಲು ಎಂದೋ ಯಾವುದಕ್ಕೋ ಗುದ್ದಿದೆ ಎಂದರ್ಥ. ಯಾವುದಕ್ಕೆ ಎಂದು ಮಾವನನ್ನು ಕೇಳಬೇಡಿ.

ಸೀಟಿನ ಕಂಬಿ ಅಂಟಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದೆರಡು ದಿನ ತಾಳಿ. ಕಾಟರ್ ಪಿನ್ನಿನ ನಟ್ಟನ್ನು ಪೂರ್ತಿ ತೆಗೆಯದೆ ಥ್ರೆಡ್ಡಿನ ತುದಿಯವರೆಗೆ ಮಾತ್ರ ಸಡಿಲಿಸಿ, ಕ್ರ್ಯಾಂಕಿನ ಅಡಿಗೆ ಗಟ್ಟಿ ಆಸರೆ ಕೊಟ್ಟು ಒಂದೇ ಏಟು ಹೊಡೆಯಬೇಕು. ಹತ್ತು ಸಣ್ಣ ಏಟಿಗೆ ಪಿನ್ನು ಬಗ್ಗುತ್ತದೆಯೇ ಹೊರತು ಬರುವುದಿಲ್ಲ. ಎಡಪೆಡಲ್ಲಿನ ಥ್ರೆಡ್ ಉಲ್ಟಾ. ಕ್ರ್ಯಾಂಕಿನ ಬುಡದಲ್ಲಿ, ಚೈನಿನ ಕಡೆಯ ಕಪ್ಪಿನದೂ ಉಲ್ಟಾ. "ಆ ಕಡೆಗಲ್ಲ ಕಣಯ್ಯಾ" ಎಂಬ ಸದ್ದು ಹಿಂದಿನಿಂದ ಕೇಳಿಸುತ್ತದೆ. ಇದು ದೋಷವಲ್ಲ, ಮಾವ ಕುರ್ಚಿ ತಂದು ಹಾಕಿಕೊಂಡಿದ್ದಾರೆ. ಕಪ್ಪಿನಿಂದ ಉದುರುವ ಗುಂಡುಗಳನ್ನು ತಟ್ಟೆಯಲ್ಲಿ ಹಿಡಿಯಿರಿ: ಒಂದೊಂದು ಕಡೆಗೆ ಕಾಲಿಂಚಿನವು 11. ಅಡುಗೆಮನೆಯ ತಟ್ಟೆ ಬೇಡ.

ಅಳತೆಗಳು

ಹಳೆಯ ಟೈರು 28 ಇಂಚು, ಹೊಸ ಹೈಬ್ರಿಡ್ಡಿನ 700ಸಿ ಟೈರೂ ಹೆಚ್ಚುಕಡಿಮೆ 28 ಇಂಚು. ಇದನ್ನು ನಂಬಿ ಟೈರು ತಂದವರು ಅಂಗಡಿಗೆ ವಾಪಸು ಹೋಗಿದ್ದಾರೆ. ಟೈರು ಕೂರುವ ರಿಮ್ಮಿನ ವ್ಯಾಸ ಹಳೆಯದರಲ್ಲಿ 635 ಮಿಲಿಮೀಟರ್, ಹೊಸದರಲ್ಲಿ 622. ರಿಮ್ಮು ಬದಲಿಸಿದರೆ ಬ್ರೇಕೂ ಬದಲಾಗಲೇಬೇಕು. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಒತ್ತುತ್ತದೆ, ಹೊಸ ರಿಮ್ಮಿಗೆ ಪಕ್ಕದಿಂದ ಹಿಡಿಯುವ ಬ್ರೇಕು ಬೇಕು. ರಿಮ್ಮು ಆರೂವರೆ ಮಿಲಿಮೀಟರ್ ಒಳಸರಿದಿರುವುದರಿಂದ ಉದ್ದ ಕೈಯ ಕ್ಯಾಲಿಪರನ್ನೇ ಕೇಳಿ. ಅಲ್ಯೂಮಿನಿಯಂ ರಿಮ್ಮಾದರೆ ಮಳೆಯಲ್ಲೂ ಗಾಡಿ ನಿಲ್ಲುತ್ತದೆ. ಉಕ್ಕಿನ ರಿಮ್ಮು ಮಳೆಯಲ್ಲಿ ನಿಂತದ್ದನ್ನು ಮಾವನ ಹೊರತು ಯಾರೂ ನೋಡಿಲ್ಲ.

ಗೇರಿನ ವಿಚಾರ ಸ್ವಲ್ಪ ಜಗಳದ್ದು. ಹೈಬ್ರಿಡ್ಡಿನ ಹಿಂದಿನ ಹಬ್ಬು 135 ಮಿಲಿಮೀಟರ್. ಈ ಫ್ರೇಮಿನ ಹಿಂಗಾಲುಗಳ ಸಂದು ಅದಕ್ಕಿಂತ ಎಷ್ಟೋ ಕಿರಿದು. ಉಕ್ಕಾದ್ದರಿಂದ ಅಗಲಿಸಬಹುದು, ಅಲ್ಯೂಮಿನಿಯಮ್ಮಾದರೆ ಆ ಮಾತೇ ಇಲ್ಲ. ಎರಡೂ ಕಡೆ ಸಮವಾಗಿ ಅಗಲಿತೇ ಎಂದು ನೋಡಲು ಒಂದು ಹಿಂಗಾಲಿನ ತುದಿಗೆ ದಾರ ಕಟ್ಟಿ, ಹ್ಯಾಂಡಲ್ ಕೊಳವೆಯನ್ನು ಬಳಸಿ ಇನ್ನೊಂದರ ತುದಿಗೆ ಎಳೆದು, ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಬದಿಯಲ್ಲಿ ಅಳೆಯಿರಿ. ಆದರೆ ನನ್ನ ಮಾತು ಕೇಳುವುದಾದರೆ ಅಗಲಿಸಲೇಬೇಡಿ. ಹಬ್ಬಿನೊಳಗೇ ಮೂರು ಗೇರು ಅಡಗಿರುವ ಸ್ಟರ್ಮೀ ಆರ್ಚರ್ ಥರದ್ದನ್ನು ಹಾಕಿ. ಅದು ಕಿರಿದು, ಹಳೆಯ ದಪ್ಪ ಚೈನಿಗೂ ಒಗ್ಗುತ್ತದೆ, ಮಾವನ ಕಣ್ಣಿಗೆ ಬೀಳುವುದೂ ಇಲ್ಲ. ಹಿಂದೆ ಜೋತಾಡುವ ಗೇರು ಕಂಡರೆ "ಅದೇನಯ್ಯಾ, ಕರುಳು ಹೊರಗೆ ಬಂದಿದೆ" ಅನ್ನುತ್ತಾರೆ.

ಉಳಿದ ಸಾಮಾನು

ರಾಡುಗಳು, ಎರಡು ಗಾಲಿ, ಚೈನ್ ಕವರ್, ಡೈನಮೋ, ಸ್ಪ್ರಿಂಗಿನ ಸೀಟು, ಹ್ಯಾಂಡಲ್ಲು. ಇವನ್ನು ಗುಜರಿಗೆ ಹಾಕಲು ಹೊರಟರೆ ಮಾವ ಗೋಣಿಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಚೀಲ ಹಿತ್ತಿಲಿಗೆ, ಅದೇ ಜಾಗಕ್ಕೆ ವಾಪಸು ಹೋಗುತ್ತದೆ. ಒಂದು ಸೈಕಲ್ಲಿಗೆ ಬೇಕಾದ್ದೆಲ್ಲ ಅದರಲ್ಲಿದೆ, ಫ್ರೇಮೊಂದನ್ನು ಬಿಟ್ಟು. ಅದನ್ನು ಹುಡುಕಿ ತರುವ ಕೆಲಸ ಅಳಿಯನದು, ಅತ್ತೆಗೆ ತಿಳಿಯದಂತೆ.