ಕಾಲುಚೀಲದ ಅತ್ತೆ

ದೊಡ್ಡವರ ಕಾಲಿಗೆ ಬಿದ್ದರೆ ತಲೆ ಮುಟ್ಟಿ ಹರಸುವುದು ನಮ್ಮ ಕಡೆಯ ಪದ್ಧತಿ. ನಮ್ಮ ಅತ್ತೆಯೂ ಹರಸುತ್ತಾರೆ. ಆದರೆ ಅವರ ಕಣ್ಣು ಬಿದ್ದವನ ತಲೆಯ ಮೇಲಿರುವುದಿಲ್ಲ, ಹಿಂದಕ್ಕೆ ಚಾಚಿಕೊಂಡ ಅಂಗಾಲಿನ ಮೇಲಿರುತ್ತದೆ. “ನೂರು ವರ್ಷ ಬಾಳು” ಎಂದು ಮುಗಿಸುವಷ್ಟರಲ್ಲಿ ಒಂದು ಗೇಣು ಎರಡು ಬೆರಳು ಎಂದು ಮನಸ್ಸಿನಲ್ಲೇ ಅಳೆದಾಗಿರುತ್ತದೆ. ಎದ್ದು ನಿಂತವನಿಗೆ ಕೆಲಸ ಸಿಕ್ಕಿತಾ, ಮದುವೆ ಯಾವಾಗ ಎಂಬ ಲೋಕಾರೂಢಿಯ ಪ್ರಶ್ನೆಗಳಿಲ್ಲ. “ನಿನ್ನ ಹಿಮ್ಮಡಿ ಥೇಟ್ ನಿಮ್ಮಪ್ಪಂದೇ ಕಣೋ, ಅಗಲ. ಎಡಗಾಲು ಒಂದು ಚೂರು ದೊಡ್ಡದು, ಅಲ್ವಾ?” ಇಷ್ಟು ಕೇಳಿಸಿಕೊಂಡವನಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಮಂಜೂರಾಯಿತೆಂದೇ ಅರ್ಥ. ಅರ್ಜಿ ಹಾಕಿರಬೇಕೆಂದೇನೂ ಇಲ್ಲ.

ಇಂಥವರು ಈಗ ಬೆಂಗಳೂರು, ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರಾದರೂ ಸಿಗುತ್ತಾರೆ. ನಿವೃತ್ತಿಯಾಗಿರುತ್ತದೆ, ಮಂಡಿ ನೋಯುತ್ತಿರುತ್ತದೆ, ಮಕ್ಕಳು ಹಿಮ ಬೀಳುವ ಊರಿನಲ್ಲಿರುತ್ತಾರೆ. ಹಿಂದೆ ಈ ವಯಸ್ಸಿನವರು ಸ್ವೆಟರ್ ಹೆಣೆಯುತ್ತಿದ್ದರು. ಸ್ವೆಟರಿನವರು ನಿರುಪದ್ರವಿಗಳು. ಒಂದು ಸ್ವೆಟರ್ ಮುಗಿಯಲು ಒಂದು ಚಳಿಗಾಲ ಬೇಕು, ಅಷ್ಟರಲ್ಲಿ ಮಗುವಿನ ಅಳತೆ ಮೀರಿರುತ್ತದೆ, ಬಿಚ್ಚಿ ಮತ್ತೆ ಶುರುಮಾಡುತ್ತಾರೆ, ನೆಂಟರಿಗೆ ಅಪಾಯವಿಲ್ಲ. ಕಾಲುಚೀಲದವರು ಹಾಗಲ್ಲ. ಅವರ ಕಾರ್ಖಾನೆ ಒಂದು ಬಟ್ಟೆಯ ಚೀಲದಲ್ಲಿ ಅಡಗುತ್ತದೆ. ಬಸ್ಸಿನಲ್ಲಿ, ಡೆಂಟಿಸ್ಟ್ ಹತ್ತಿರ, ಧಾರೆಯ ಮನೆಯಲ್ಲಿ, ಎಲ್ಲೆಂದರಲ್ಲಿ ಉತ್ಪಾದನೆ ನಡೆದೇ ಇರುತ್ತದೆ.

ಅತ್ತೆ ಹುಟ್ಟಿನಿಂದ ಹೀಗಿರಲಿಲ್ಲ. ವೃತ್ತಿಯಲ್ಲಿ ಬ್ಯಾಂಕಿನವರು, ಬಹುಕಾಲ ಕೃಷಿಸಾಲದ ಮೇಜಿನಲ್ಲಿದ್ದವರು. ನಿವೃತ್ತಿಯಾದ ಮೇಲೆ ಮಗಳ ಬಾಣಂತನಕ್ಕೆಂದು ಅಮೆರಿಕದ ಮಿನೆಸೋಟಾಕ್ಕೆ ಹೋದರು, ಅದೂ ನವೆಂಬರಿನಲ್ಲಿ. ಇಲ್ಲಿಂದ ಹೊತ್ತ ಬಾಣಂತಿ ಲೇಹ್ಯವನ್ನು ಮಗಳು ಡಾಕ್ಟರನ್ನು ಕೇಳಿ ಹೇಳ್ತೀನಿ ಅಂದಳು. ಎಣ್ಣೆ ಸ್ನಾನದ ಸಂಗತಿಯನ್ನು ಅಳಿಯ ಇಂಟರ್‌ನೆಟ್ಟಿನಲ್ಲಿ ನೋಡಿ ಹೇಳ್ತೀನಿ ಅಂದ. ಹೊರಗೆ ಮೊಣಕಾಲುದ್ದ ಹಿಮ. ಮಾಡಲು ಕೆಲಸವಿಲ್ಲದ ಅಧಿಕಾರಿ ಬೆಚ್ಚಗಿರುತ್ತದೆಂದು ಊರಿನ ಲೈಬ್ರರಿಗೆ ಹೋಗಿ ಕೂತರೆ, ಅಲ್ಲಿ ವಾರಕ್ಕೊಮ್ಮೆ ಹೆಣೆಯುವ ಅಜ್ಜಿಯರ ಗುಂಪು ಸೇರುತ್ತಿತ್ತು. ಆ ಸೀಮೆಯಲ್ಲಿ ನಾರ್ವೆ ಮೂಲದವರು ಬಹಳ. ನಾರ್ವೆಯ ಮೊಮ್ಮಕ್ಕಳಿಗೂ ನಮ್ಮ ಅರಸೀಕೆರೆಯ ಮಗಳಿಗೂ ಮಾತಿನಲ್ಲಿ ಹೊಂದದಿದ್ದದ್ದು ಹಿಮ್ಮಡಿಯಲ್ಲಿ ಹೊಂದಿತು. ಬಾಣಂತಿ ಮುಟ್ಟದ ಅಂಟಿನುಂಡೆಯನ್ನು ಆ ಅಜ್ಜಿಯರು ತಿಂದು ಮುಗಿಸಿದರು. ಬದಲಿಗೆ ಕಡ್ಡಿ ಹಿಡಿಸಿದರು.

ಅಮೆರಿಕದಿಂದ ಬರುವವರ ಪೆಟ್ಟಿಗೆಯಲ್ಲಿ ಬಾದಾಮಿ, ಚಾಕೊಲೇಟು, ವಿಟಮಿನ್ ಮಾತ್ರೆ ಇರಬೇಕೆಂಬುದು ಬಂಧುವರ್ಗದ ಹಕ್ಕು. ಅತ್ತೆಯ ಎರಡು ಪೆಟ್ಟಿಗೆಯನ್ನೂ ತೆರೆದಾಗ ಇದ್ದದ್ದು ಬಣ್ಣಬಣ್ಣದ ನೂಲಿನ ಉಂಡೆ. ಮಾವ ತಳದವರೆಗೂ ಕೈ ಹಾಕಿ ಹುಡುಕಿದರು. ತಳದಲ್ಲಿ ಕಡ್ಡಿಗಳಿದ್ದವು.

ನೂಲಿನ ವಿಷಯಕ್ಕೆ ಬಂದರೆ ಅತ್ತೆ ಮಡಿ. ಮುಕ್ಕಾಲು ಪಾಲು ಮೆರಿನೋ ಕುರಿಯ ಉಣ್ಣೆ, ಕಾಲು ಪಾಲು ನೈಲಾನ್ ಇರಬೇಕು. ಉಣ್ಣೆ ಬೆಚ್ಚಗಿಡುತ್ತದೆ, ನೈಲಾನ್ ಹಿಮ್ಮಡಿ ಸವೆಯದಂತೆ ಕಾಯುತ್ತದೆ. ನೂರು ಗ್ರಾಂ ಉಂಡೆ, ಸುಮಾರು 400 ಮೀಟರ್ ಉದ್ದ, ಒಂದು ಜೊತೆಗೆ ಸರಿ. ಚಿಕ್ಕಪೇಟೆಯಲ್ಲಿ ಸಿಗುವ ಲೂಧಿಯಾನದ ಉಲ್ಲನ್ ಅವರ ಪ್ರಕಾರ ಸ್ವೆಟರಿಗೆ ಅಡ್ಡಿಯಿಲ್ಲ, ಚಪ್ಪಲಿಯೊಳಗೆ ದಪ್ಪ. ಸ್ವದೇಶಿ ಅಭಿಮಾನ ಉಕ್ಕಿದ ಒಂದು ಸಲ ಚಳ್ಳಕೆರೆಯಿಂದ ಕಂಬಳಿಯ ನೂಲನ್ನೇ ತರಿಸಿ ಹೆಣೆದರು. ದಖನಿ ಕುರಿಯ ಉಣ್ಣೆ ಒರಟು. ಮಳೆಯಲ್ಲಿ ತಲೆಯ ಮೇಲೆ ಕೊಪ್ಪೆ ಹಾಕಿಕೊಳ್ಳಲು ಅದಕ್ಕೆ ಸಮನಿಲ್ಲ, ಆದರೆ ಅದು ಅಂಗಾಲಿಗೆಂದು ಹುಟ್ಟಿದ್ದಲ್ಲ. ಅದನ್ನು ಹಾಕಿಕೊಂಡ ಮಾವ ಹಾಲಿನಿಂದ ಅಡುಗೆಮನೆಯವರೆಗೆ ಕೆಂಡ ಹಾಯುವವರ ಹಾಗೆ ನಡೆದುಹೋದರು.

ಬೆಂಗಳೂರಿನಲ್ಲಿ ಉಣ್ಣೆಯ ಕಾಲುಚೀಲ ಯಾಕೆ ಎಂದು ಕೇಳಿದವರಿಗೆ ಅತ್ತೆಯ ಹತ್ತಿರ ದಾಖಲೆಯಿದೆ. 1884ರ ಜನವರಿ 13ರಂದು ಈ ಊರಿನ ಉಷ್ಣತೆ 7.8 ಡಿಗ್ರಿಗೆ ಇಳಿದಿತ್ತು. ಆಮೇಲೆ ಅಷ್ಟು ಇಳಿದೇ ಇಲ್ಲವಲ್ಲ ಎಂದರೆ, “ಇಳಿಯೋ ದಿನ ನೀನು ಅಂಗಡಿ ಹುಡುಕ್ಕೊಂಡು ಹೋಗ್ತೀಯಾ?” ಎನ್ನುತ್ತಾರೆ. ಏಪ್ರಿಲ್ ತಿಂಗಳಲ್ಲಿ, ಫ್ಯಾನನ್ನು ಐದಕ್ಕಿಟ್ಟು, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ ಈ ಮಾತನ್ನಾಡುವ ಧೈರ್ಯವನ್ನು ಮೆಚ್ಚಲೇಬೇಕು.

ಹೆಣೆಯುವುದನ್ನು ಹತ್ತಿರದಿಂದ ನೋಡಿದರೆ ಮಾತ್ರ ಸುಮ್ಮನಾಗಬೇಕಾಗುತ್ತದೆ. ಎರಡು ತುದಿಯೂ ಚೂಪಾದ ನಾಲ್ಕು ಸಣ್ಣ ಕಡ್ಡಿಗಳ ಮೇಲೆ 64 ಕುಣಿಕೆ, ಐದನೆಯದರಲ್ಲಿ ಹೆಣಿಗೆ. ಸುತ್ತಿ ಸುತ್ತಿ ಒಂದು ಕೊಳವೆ ಇಳಿಯುತ್ತಾ ಬರುತ್ತದೆ. ಅಲ್ಲಿಯವರೆಗೆ ಹರಟೆ, ಫೋನು, ಧಾರಾವಾಹಿ ಎಲ್ಲ ಆಗಬಹುದು. ಕೊಳವೆ ಹಿಮ್ಮಡಿಯ ಹತ್ತಿರ ಬಂದು ತಿರುಗಬೇಕಾದಾಗ ಮನೆಯಲ್ಲಿ ಕರ್ಫ್ಯೂ. ಅಲ್ಲಿ ಸುತ್ತುವುದನ್ನು ಬಿಟ್ಟು ಹಿಂದಕ್ಕೂ ಮುಂದಕ್ಕೂ ಹೆಣೆಯಬೇಕು, ಸಾಲು ಪೂರ್ತಿ ಮುಟ್ಟದೆ ನಡುವೆಯೇ ತಿರುಗಬೇಕು, ಎಲ್ಲಿ ತಿರುಗಿದೆವೆಂಬ ಲೆಕ್ಕ ತಪ್ಪಬಾರದು. ಆಗ ಕುಕ್ಕರಿನ ಸೀಟಿ ಎಣಿಸುವ ಜವಾಬ್ದಾರಿ ಮಾವನದು. ಅವರು ಗಟ್ಟಿಯಾಗಿ ಎಣಿಸುವ ಹಾಗಿಲ್ಲ. ಒಮ್ಮೆ “ಮೂರು” ಎಂದು ಕೂಗಿದ್ದಕ್ಕೆ ಅತ್ತೆ ಮೂರಕ್ಕೇ ತಿರುಗಿಬಿಟ್ಟು, ಆ ಹಿಮ್ಮಡಿ ಒಂಟೆಯ ಡುಬ್ಬವಾಯಿತು. ಅಂದಿನಿಂದ ಮಾವ ಬೆರಳು ಮಡಚುತ್ತಾರೆ.

ಬೆರಳ ತುದಿಯಲ್ಲಿ ಎರಡು ಅಂಚನ್ನು ಗಂಟು ಒತ್ತದ ಹಾಗೆ ಕೂಡಿಸುವ ಹೊಲಿಗೆಯೊಂದಿದೆ. ಅದಕ್ಕೆ ಕಿಚನರ್ ಎಂದು ಹೆಸರು. ಅಡುಗೆಮನೆಗೆ ಸಂಬಂಧವಿಲ್ಲ, 1902ರಿಂದ 1909ರವರೆಗೆ ಇಂಡಿಯಾದ ಸೇನೆಯ ದಂಡನಾಯಕನಾಗಿದ್ದ ಲಾರ್ಡ್ ಕಿಚನರ್‌ನ ಹೆಸರು. ಇಲ್ಲಿದ್ದಾಗ ವೈಸ್‌ರಾಯ್ ಕರ್ಜನ್ ಜೊತೆ ಜಗಳವಾಡಿ, 1905ರಲ್ಲಿ ಕರ್ಜನ್ ರಾಜೀನಾಮೆ ಕೊಟ್ಟು ಹೋಗುವಂತೆ ಮಾಡಿದ ಮನುಷ್ಯ. ಮೊದಲ ಮಹಾಯುದ್ಧದಲ್ಲಿ ಕಂದಕದ ಕೆಸರಿನಲ್ಲಿ ನೆನೆದು ಸಿಪಾಯಿಗಳ ಪಾದಗಳು ಕೊಳೆಯುತ್ತಿದ್ದಾಗ, ಊರಲ್ಲಿದ್ದ ಹೆಂಗಸರೆಲ್ಲ ಕಾಲುಚೀಲ ಹೆಣೆದು ಕಳಿಸಿದರು. ಆಗ ಯುದ್ಧಮಂತ್ರಿಯಾಗಿದ್ದವನು ಇದೇ ಕಿಚನರ್, ಹೊಲಿಗೆಗೆ ಅವನ ಹೆಸರು ಅಂಟಿಕೊಂಡಿತು. ಅತ್ತೆಗೆ ಅವನ ಬಗ್ಗೆ ಉಳಿದ ಯಾವ ತಕರಾರೂ ಇಲ್ಲ. “ಬ್ರಿಟಿಷರವನಾದರೂ ಬೆರಳು ನೋಯದ ಹಾಗೆ ನೋಡ್ಕೊಂಡ” ಎಂದು ಒಂದೇ ವಾಕ್ಯದಲ್ಲಿ ಸಾಮ್ರಾಜ್ಯಶಾಹಿಯನ್ನು ಮನ್ನಾ ಮಾಡಿಬಿಡುತ್ತಾರೆ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದ ಕಚೇರಿಗಳಿಗೆ ಅತ್ತೆ ಚೀಲ ಹಿಡಿದೇ ಹೋಗುತ್ತಾರೆ. ಪಕ್ಕದವರು ತೊಡೆಯ ಮೇಲೆ ತಾಳ ಹಾಕಿದರೆ ಇವರು ಕಡ್ಡಿಯಲ್ಲಿ. ಆದಿತಾಳದ ಕೃತಿಯಾದರೆ ಸುಖ. ಎಂಟು ಆವರ್ತನಕ್ಕೆ 64, ಸುತ್ತು ಮುಗಿಯುವುದಕ್ಕೂ ಸಮಕ್ಕೆ ಬರುವುದಕ್ಕೂ ಸರಿಹೋಗುತ್ತದೆ. ಮಿಶ್ರಛಾಪು ಬಂತೋ, ಒಂಬತ್ತು ಆವರ್ತನಕ್ಕೆ 63 ಆಗಿ ಒಂದು ಕುಣಿಕೆ ಮಿಕ್ಕುತ್ತದೆ. ಆಗ ಅತ್ತೆ ವಿದ್ವಾಂಸರ ಕಡೆ ನೋಡುವ ನೋಟವನ್ನು ಪಾಪ ಅವರು ವಿಮರ್ಶೆಯೆಂದೇ ತಿಳಿದಿರಬೇಕು. ತನಿ ಆವರ್ತನ ಶುರುವಾದರೆ ಮಾತ್ರ ಎಲ್ಲವನ್ನೂ ಚೀಲಕ್ಕೆ ತುರುಕಿ ಕಾಫಿಗೆ ಎದ್ದುಬಿಡುತ್ತಾರೆ. ಅಷ್ಟು ಅಪಾಯ ಅವರಿಗೆ ಬೇಡ.

ಹೆಣೆದದ್ದನ್ನು ಕೊಟ್ಟಮೇಲೆಯೇ ನಿಜವಾದ ಕಥೆ. ಕೃಷಿಸಾಲದ ಅಧಿಕಾರಿಗೆ ಸಾಲ ಕೊಡುವುದು ಸುಲಭದ ಕೆಲಸ. ಕೊಟ್ಟ ದುಡ್ಡಿನಲ್ಲಿ ಹಸು ಕೊಂಡರೋ, ಮಗಳ ಮದುವೆ ಮಾಡಿದರೋ ಎಂದು ಹಟ್ಟಿಯವರೆಗೆ ಹೋಗಿ ನೋಡಿಬರುವುದು ಕಷ್ಟದ್ದು. ಆ ಅಭ್ಯಾಸ ಅತ್ತೆಯನ್ನು ಬಿಟ್ಟಿಲ್ಲ. ಹೇಳದೆ ಕೇಳದೆ ಬರುತ್ತಾರೆ. ನೀರು ಕುಡಿಯುತ್ತಲೇ ಕಾಲು ನೋಡುತ್ತಾರೆ. ಬರಿಗಾಲಿದ್ದರೆ, “ಒಗೆಯಕ್ಕೆ ಹಾಕಿದೀಯಾ? ತೋರಿಸು, ಒಣಗಿದ್ರೆ ಮಡಚಿಕೊಡ್ತೀನಿ” ಎನ್ನುತ್ತಾರೆ. ಆದ್ದರಿಂದ ನಮ್ಮ ಮನೆಗಳಲ್ಲಿ ಗೇಟಿನ ಸದ್ದಾದರೆ ಮೊದಲು ಓಡುವುದು ಕಪಾಟಿನ ಕಡೆಗೆ. ಕುಟುಂಬದ ವಾಟ್ಸ್ಯಾಪ್ ಗುಂಪಲ್ಲದೆ ಅತ್ತೆಯನ್ನು ಬಿಟ್ಟು ಇನ್ನೊಂದು ಗುಂಪಿದೆ. ಅತ್ತೆ ಜಯನಗರದಿಂದ ಆಟೋ ಹತ್ತಿದರೆಂಬ ಸುದ್ದಿ ಬಿಟ್ಟರೆ ಅದರಲ್ಲಿ ಬೇರೇನೂ ಬರುವುದಿಲ್ಲ.

ಸುಸ್ತಿದಾರರ ಕಥೆಗಳೂ ಇವೆ. ದೊಡ್ಡ ಮಾವನ ಅಳಿಯ ಉಣ್ಣೆಯ ಜೊತೆಯೊಂದನ್ನು ಬಿಸಿನೀರಿನ ವಾಷಿಂಗ್ ಮೆಷೀನಿಗೆ ಹಾಕಿದ. ಉಣ್ಣೆಗೆ ಬಿಸಿ, ಸೋಪು, ತಿರುಚಾಟ ಮೂರೂ ಒಟ್ಟಿಗೆ ಸಿಕ್ಕರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಿ ಕುಗ್ಗುತ್ತವೆ. ಹತ್ತನೇ ಸೈಜಿನದು ಹೊರಗೆ ಬಂದಾಗ ಅವನ ಮಗನಿಗೆ ಹಿಡಿಯಿತು. ಅತ್ತೆ ಬೈಯಲಿಲ್ಲ. ಖಾತೆಯನ್ನು ಮಗುವಿನ ಹೆಸರಿಗೆ ವರ್ಗಾಯಿಸಿ, ಅಪ್ಪನಿಗೆ ಹೊಸದು ಮಂಜೂರು ಮಾಡಿದರು. ಈಗ ಆ ಮನೆಯಲ್ಲಿ ಇಬ್ಬರ ತಪಾಸಣೆ. ಹೊಸ ಮದುಮಗಳೊಬ್ಬಳ ಕಾಲುಂಗುರಕ್ಕೆ ಎಳೆ ಸಿಕ್ಕಿ ಬೆರಳ ಕಡೆ ಸಾಲುಸಾಲಾಗಿ ಬಿಚ್ಚಿಹೋದಾಗ ಮಾತ್ರ ಅತ್ತೆಗೆ ಧರ್ಮಸಂಕಟ. ಕಾಲುಂಗುರ ತೆಗಿ ಎನ್ನುವ ಹಾಗಿಲ್ಲ, ಕಾಲುಚೀಲ ಬಿಡು ಎನ್ನಲು ಮನಸ್ಸಿಲ್ಲ. ಕೊನೆಗೆ ಹೆಬ್ಬೆರಳು ಬೇರೆ, ಉಳಿದ ಬೆರಳು ಬೇರೆಯಾಗಿ ಎರಡು ಕವಲಿನ ಮಾದರಿಯೊಂದನ್ನು, ಕಾಲುಂಗುರದ ಕಡೆ ಸಡಿಲ ಬಿಟ್ಟು ಹೆಣೆದರು. ಇದು ತಮ್ಮ ಶೋಧವೆಂದು ಬೀಗುತ್ತಿರುವಾಗ ಮಾವ ಪುಸ್ತಕವೊಂದರಲ್ಲಿ ಚಿತ್ರ ತೋರಿಸಿದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ, ಈಜಿಪ್ಟಿನಲ್ಲಿ ಸಿಕ್ಕ ಸಾವಿರದೈನೂರು ವರ್ಷಕ್ಕೂ ಹಳೆಯ ಕೆಂಪು ಉಣ್ಣೆಯ ಜೊತೆ. ಅದಕ್ಕೂ ಚಪ್ಪಲಿಯ ಉಂಗುಷ್ಠಕ್ಕೆ ಸರಿಯಾಗಿ ಎರಡು ಕವಲು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಒಂದೇ ಸೂಜೀಲಿ ಮಾಡಿದಾರೆ, ಹೆಣಿಗೆಯಲ್ಲ” ಎಂದು ಪುಸ್ತಕ ಮುಚ್ಚಿದರು. ನಿಜವೂ ಹೌದು.

ಅತ್ತೆಯ ಸ್ವಂತ ಲೆಡ್ಜರಿನಲ್ಲೂ ಒಂದು ಕಪ್ಪು ಪುಟವಿದೆ. ಮೊದಲ ಕಾಲಿನದು ಮುಗಿದಾಗ ಹುಟ್ಟುವ ಉತ್ಸಾಹಭಂಗ ಲೋಕದ ಎಲ್ಲ ಕಾಲುಚೀಲದವರಿಗೂ ಗೊತ್ತು. ಬಣ್ಣ ಹೇಗೆ ಬರುತ್ತದೆಂಬ ಕುತೂಹಲ ತೀರಿರುತ್ತದೆ, ಹಿಮ್ಮಡಿ ಗೆದ್ದಾಗಿರುತ್ತದೆ, ಅದನ್ನೇ ಇನ್ನೊಮ್ಮೆ ಮಾಡಬೇಕು. ಹೊಸ ಉಂಡೆ ಬೇರೆ ಕರೆಯುತ್ತಿರುತ್ತದೆ. ಹಾಗಾಗಿ ಮಂಚದ ಕೆಳಗಿನ ಡ್ರಾಯರಿನಲ್ಲಿ ಜೊತೆಯಿಲ್ಲದ ಒಂಟಿಗಳು ತುಂಬಿವೆ. ಕಂತು ಬಾಕಿಯಾಗಿ ಗಡುವು ಮೀರಿದರೆ ಸಾಲ ಎನ್‌ಪಿಎ ಎಂದು ಒಂದು ಕಾಲದಲ್ಲಿ ತಾವೇ ಊರೂರಿಗೆ ಹೇಳಿಕೊಂಡು ಬಂದವರು. ಮಾವ ಆ ಡ್ರಾಯರಿಗೆ ಅದೇ ಹೆಸರಿಟ್ಟಿದ್ದಾರೆ. ಉದ್ದ ತಂತಿಯ ಕಡ್ಡಿಯಲ್ಲಿ ಎರಡನ್ನೂ ಒಟ್ಟಿಗೆ ಹೆಣೆಯುವ ಉಪಾಯವಿದೆಯಂತಲ್ಲ ಎಂದು ನಾನು ಕೇಳಿದ್ದೆ. “ಎರಡೂ ಒಟ್ಟಿಗೇ ನಿಂತುಹೋಗುತ್ವೆ ಅಷ್ಟೆ” ಎಂದರು. ಅನುಭವದ ಮಾತು.

1589ರಲ್ಲಿ ಇಂಗ್ಲೆಂಡಿನ ವಿಲಿಯಮ್ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕೈಯಲ್ಲಿ ಹೆಣೆಯುವ ಬಡವರ ಅನ್ನ ಹೋಗುತ್ತದೆಂದು ಎಲಿಜಬೆತ್ ರಾಣಿ ಅವನಿಗೆ ಪೇಟೆಂಟ್ ಕೊಡಲಿಲ್ಲವೆಂದು ಕಥೆ. ಆ ಯಂತ್ರದ ಮರಿಮಕ್ಕಳು ಹೆಣೆದ ಮೂರು ಜೊತೆಯ ಪೊಟ್ಟಣ ಫುಟ್‌ಪಾತಿನಲ್ಲಿ ನೂರು ರೂಪಾಯಿಗೆ ಬರುತ್ತದೆ ಎಂದು ಮಾವ ಲೆಕ್ಕ ಒಪ್ಪಿಸಿದರೆ, ಅತ್ತೆ ರಾಣಿಯ ಪಕ್ಷ.

ಹೋದ ಮಾಘದಲ್ಲಿ ಎಲ್ಲರೂ ಸೇರಿ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು, ಚಪ್ಪಲಿ ಹಾಕುವ ಹಾಗಿಲ್ಲ, ಕಾಲುಚೀಲಕ್ಕೆ ಅಡ್ಡಿಯಿಲ್ಲ. ಅತ್ತೆಯ ಜೀವನದ ದೊಡ್ಡ ದಿನವೆಂದರೆ ಅದೇ. ನಾವೆಲ್ಲ ಬಣ್ಣಬಣ್ಣದ ಪಟ್ಟೆಗಳಲ್ಲಿ ಸಾಲಾಗಿ ನಿಂತೆವು. ಕಲ್ಲಿನ ಮೇಲೆ ಉಣ್ಣೆ ಜಾರುತ್ತದೆಂದು ಮೊದಲ ಹತ್ತು ಮೆಟ್ಟಿಲಲ್ಲೇ ತಿಳಿಯಿತು. ಕಂಬಿ ಹಿಡಿದು, ಒಬ್ಬರ ಭುಜ ಒಬ್ಬರು ಹಿಡಿದು ಹತ್ತಿದೆವು. ಇಳಿಯುವಾಗ ಬಿಸಿಲು ಏರಿತ್ತು, ಬಂಡೆ ಕಾದಿತ್ತು. ಅತ್ತೆ ಹಿಂದೆ ತಿರುಗಿ, “ಈಗ ಹೇಳಿ, ಕಾಲು ಸುಡ್ತಾ?” ಎಂದರು. ಸುಡುತ್ತಿರಲಿಲ್ಲ. ಸುಳ್ಳು ಹೇಳಲು ಅದು ಜಾಗವೂ ಅಲ್ಲ.

ಬೆಟ್ಟದ ಬುಡದಲ್ಲಿ ಯಾತ್ರಿಕರಿಗೆಂದು ಒಬ್ಬ ಹುಡುಗ ಸಾಕ್ಸ್ ಮಾರುತ್ತಿದ್ದ. ಅತ್ತೆ ಒಂದನ್ನು ಎತ್ತಿ, ಒಳಹೊರಗು ಮಾಡಿ, ಬೆರಳ ತುದಿಯ ಗಂಟನ್ನು ಉಗುರಿನಲ್ಲಿ ಮುಟ್ಟಿ ನೋಡಿದರು. “ಇದು ಒತ್ತುತ್ತಪ್ಪ. ಹಿಮ್ಮಡಿಯಂತೂ ಇಲ್ಲವೇ ಇಲ್ಲ.”

“ಹತ್ತಿ ಇಳಿಯೋಕಷ್ಟೇ ಅಲ್ವಾ ಅಮ್ಮ,” ಹುಡುಗ ಹೇಳಿದ. “ಆಮೇಲೆ ಎಲ್ಲಾರೂ ಬಿಸಾಕಿ ಹೋಯ್ತಾರೆ.”

ಕಾರಿನಲ್ಲಿ ಅತ್ತೆ ಮಾತಾಡಲಿಲ್ಲ. ಚೀಲವನ್ನೂ ಬಿಚ್ಚಲಿಲ್ಲ. ಹಿರೀಸಾವೆ ದಾಟಿತು. ಮಾವ ಎರಡು ಸಲ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು. ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆ ಇಳಿದಾಗ ಅತ್ತೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

“ಆ ಹುಡುಗಂಗೆ ಎಂಟನೇ ಸೈಜು ಆಗುತ್ತೆ, ಅಲ್ವೇನೋ?”