ಶ್ವಾನಸ್ವೀಕಾರ ಮೀಮಾಂಸೆ

ವಿಷಯ

ಯಾವುದೇ ವಾದಕ್ಕೆ ಐದು ಅಂಗಗಳಿರಬೇಕೆಂದು ಮೀಮಾಂಸಕರು ವಿಧಿಸಿದ್ದಾರೆ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಆಶ್ರಯಧಾಮದಿಂದ ನಾಯಿಯೊಂದನ್ನು ಮನೆಗೆ ತರಬಹುದೇ ಎಂಬ ವಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಮೂರನೆಯ ಅಂಗವನ್ನು ದಾಟಿದ ನಿದರ್ಶನಗಳು ವಿರಳ. ವಾದ ಶುರುವಾದಾಗ ಏಳನೇ ಕ್ಲಾಸಿನಲ್ಲಿದ್ದ ಮಗಳು ಪೂರ್ವಪಕ್ಷ ಮುಗಿಯುವ ಹೊತ್ತಿಗೆ ಸಿಇಟಿ ಬರೆದಿರುತ್ತಾಳೆ. ಈ ಕೊರತೆಯನ್ನು ನೀಗಿಸಲು ಪ್ರಸ್ತುತ ಲೇಖಕ ಡಬಲ್ ಬೆಡ್‌ರೂಮ್ ಮನೆಗಳ ಸೋಫಾದ ಮೇಲೆ, ಧಾರಾವಾಹಿಯ ಜಾಹೀರಾತು ವಿರಾಮಗಳಲ್ಲಿ, ಆಳವಾದ ಕ್ಷೇತ್ರಕಾರ್ಯ ಕೈಗೊಂಡಿದ್ದಾನೆ.

ಕನ್ನಡದಲ್ಲಿ ಶ್ವಾನಸ್ವೀಕಾರದ ಹಳೆಯ ದಾಖಲೆ ಕಲ್ಲಿನ ಮೇಲಿದೆ. ಸುಮಾರು ಕ್ರಿ.ಶ. 949ರಲ್ಲಿ ತಕ್ಕೋಲದ ಯುದ್ಧ ಗೆದ್ದ ಸಂತೋಷದಲ್ಲಿ ಒಡೆಯ ಮೆಚ್ಚಿ ಏನು ಬೇಕೋ ಬೇಡು ಎಂದಾಗ, ಗಂಗ ಬೂತುಗನ ಕಡೆಯ ವೀರ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕಾಳಿ ಹಂದಿಯೊಂದರ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮದ್ದೂರಿನ ಬಳಿಯ ಆತಕೂರಿನಲ್ಲಿ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆಯಾಗದೆ ಗುಡಿಯ ಗೊರವ ಉಣ್ಣುವಂತಿರಲಿಲ್ಲ. ಈಗ ಅದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿನ ಕೆತ್ತನೆಯಲ್ಲಿ ನಾಯಿಯೂ ಹಂದಿಯೂ ಇಂದಿಗೂ ಸೆಣಸುತ್ತಲೇ ಇವೆ. ಗಮನಿಸಬೇಕಾದ್ದು, ಮಣಲೆರ ಹೆಂಡತಿಯನ್ನಾಗಲಿ ಮನೆ ಓನರನ್ನಾಗಲಿ ಕೇಳಿದ ಉಲ್ಲೇಖ ಶಾಸನದಲ್ಲಿ ಎಲ್ಲೂ ಇಲ್ಲ.

ಸಂಶಯ

ಮೊದಲ ಸಂಶಯ ಭೂಗೋಳದ್ದು. 2023ರಲ್ಲಿ ಆಗಿನ ಬಿಬಿಎಂಪಿ ಎಣಿಸಿದಾಗ ನಗರದಲ್ಲಿ 2,79,335 ಬೀದಿನಾಯಿಗಳು ಸಿಕ್ಕವು. ಪಶ್ಚಿಮ ವಲಯದಲ್ಲಿ 22,025. ಕೆಂಗೇರಿಯನ್ನು ಒಳಗೊಂಡ ರಾಜರಾಜೇಶ್ವರಿನಗರ ವಲಯದಲ್ಲಿ 41,266. ಇದರಿಂದ ಸಿದ್ಧವಾಗುವುದೇನೆಂದರೆ, ರಾಜಾಜಿನಗರದ ಬಾಡಿಗೆ ಕಟ್ಟಲಾರದೆ ನಾಯಿಗಳೂ ಕೆಂಗೇರಿ ಕಡೆ ಮನೆ ಮಾಡಿವೆ.

ಎರಡನೆಯ ಸಂಶಯ: ಬೀದಿಯಲ್ಲೇ ಒಂದಿದೆಯಲ್ಲ, ಮತ್ತೆ ಆಶ್ರಯಧಾಮದ್ದೇಕೆ? ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ, ಕವರ್ ಹರಿದ ಆಕ್ಟಿವಾದ ಸೀಟಿನ ಮೇಲೆ, ಕಂದು ಬಣ್ಣದ ನಾಯಿಯೊಂದು ನಿತ್ಯ ಮಧ್ಯಾಹ್ನ ಮಲಗುತ್ತದೆ. ಕಿವಿಯ ತುದಿ ಕತ್ತರಿಸಿದೆ. ಅಂದರೆ ಸಂತಾನಹರಣ ಚಿಕಿತ್ಸೆಯಾಗಿದೆ, ರೇಬೀಸ್ ಲಸಿಕೆ ಬಿದ್ದಿದೆ, ನಿಯಮದಂತೆ ಹಿಡಿದ ಬೀದಿಗೇ ವಾಪಸು ಬಿಡಲಾಗಿದೆ. ಎಡಗಡೆ ಮನೆಯವರಿಗೆ ಅದು ರಾಜ, ಬಲಗಡೆಯವರಿಗೆ ಬ್ರೌನಿ, ಆಕ್ಟಿವಾದ ಮಾಲೀಕರಿಗೆ ಹಚಾ. ಮೂರು ಹೆಸರಿಗೂ ಅದು ಬಾಲ ಆಡಿಸುತ್ತದೆ. ಬೆಳಗ್ಗೆ ಪಾರ್ಲೆ-ಜಿ, ರಾತ್ರಿ ಉಳಿದ ಮುದ್ದೆ ಹಾಕುವವರಿದ್ದಾರೆ. ಅದಕ್ಕೆ ಜ್ವರ ಬಂದ ರಾತ್ರಿ ಆಟೋ ಹಿಡಿಯುವವರು ಯಾರೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ಪುಣ್ಯ ಮೂರು ಮನೆಗೆ, ಬಿಲ್ಲು ಯಾವ ಮನೆಗೂ ಇಲ್ಲ ಎಂಬ ಈ ವ್ಯವಸ್ಥೆಗೆ ದ್ವೈತಾದ್ವೈತವೆಂದು ಹೆಸರಿಡಬಹುದು.

ಪೂರ್ವಪಕ್ಷ

ಗೃಹಸ್ವಾಮಿನಿಯ ಆಕ್ಷೇಪ. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಹಂಪಿನಗರದ ಓನರ್ ಆಂಟಿ ಯಾವ ಮಂಡಳಿಯ ವ್ಯಾಪ್ತಿಗೂ ಬರುವುದಿಲ್ಲ. ಆಕೆ ಬೇಡವೆನ್ನುವುದಿಲ್ಲ, “ಇಟ್ಕೊಳ್ಳಿ, ನಮ್ಮ ಮಗಳು ಹೇಗಿದ್ರೂ ಈ ಪೋರ್ಷನ್ ಕೇಳ್ತಿದ್ಲು” ಎನ್ನುತ್ತಾರೆ.

ಅಜ್ಜಿಯ ಆಕ್ಷೇಪ. ಮಡಿ ಕೆಡುತ್ತದೆ. ದೇವರ ಕೋಣೆಯ ದತ್ತಾತ್ರೇಯನ ಪಟದಲ್ಲೇ ನಾಲ್ಕು ನಾಯಿಗಳಿವೆಯಲ್ಲ ಎಂದು ಮೊಮ್ಮಗಳು ಪ್ರಮಾಣ ಒಡ್ಡುತ್ತಾಳೆ. ಅಜ್ಜಿಯ ಉತ್ತರಕ್ಕೆ ಈವರೆಗೆ ಪ್ರತ್ಯುತ್ತರ ಹುಟ್ಟಿಲ್ಲ: “ಅವು ಫ್ರೇಮು ಬಿಟ್ಟು ಈಚೆ ಬರಲ್ಲ.”

ತಂದೆಯ ಆಕ್ಷೇಪ. ತಂದರೆ ಲ್ಯಾಬೇ ತರಬೇಕು. 2022ರಲ್ಲಿ ‘777 ಚಾರ್ಲಿ’ ನೋಡಿ ಇವರು ಟಾಕೀಸಿನಲ್ಲಿ ಗೊಳೋ ಎಂದು ಅತ್ತವರು. ದುಡ್ಡಿಗಾಗಿ ನಾಯಿ ಹುಟ್ಟಿಸುವವರ ಕ್ರೌರ್ಯವೇ ಆ ಚಿತ್ರದ ನಾಯಿಯ ಸಂಕಟಕ್ಕೆ ಮೂಲ. ಕಣ್ಣೊರೆಸಿಕೊಂಡು ಹೊರಬಂದವರೇ ಕೇಳಿದ್ದು: “ಲ್ಯಾಬ್ ಮರಿ ಎಷ್ಟಾಗ್ಬಹುದು?”

ಅಜ್ಜನ ಆಕ್ಷೇಪ ಆರ್ಥಿಕವಾದದ್ದು. 2025ರ ಜುಲೈನಲ್ಲಿ ಪಾಲಿಕೆ ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕಲು ಟೆಂಡರ್ ಕರೆದಾಗ ಲೆಕ್ಕ ಹೀಗಿತ್ತು: ತಲಾ 367 ಗ್ರಾಂ, ಅದರಲ್ಲಿ ಕೋಳಿ 150 ಗ್ರಾಂ, ಒಟ್ಟು 750 ಕ್ಯಾಲೊರಿ, ಖರ್ಚು 22 ರೂಪಾಯಿ 42 ಪೈಸೆ. ಪೇಪರ್ ಮಡಿಸಿಟ್ಟ ಅಜ್ಜ, ಸಕ್ಕರೆ ಕಾಯಿಲೆಯ ನೆಪದಲ್ಲಿ ತನಗೆ ಕೊಡುತ್ತಿರುವ ಎರಡು ಒಣ ಚಪಾತಿಯನ್ನು ಈ ದರಪಟ್ಟಿಯೊಡನೆ ತೂಗಿ ನೋಡಿ, ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ.

ಸಿದ್ಧಾಂತ

ಈ ಎಲ್ಲ ವಾದಗಳಲ್ಲಿ ಒಂದು ದೋಷ ಸಾಮಾನ್ಯವಾಗಿದೆ. ನಾಯಿ ಪರೀಕ್ಷೆಗೆ ಕೂತಿದೆ, ನಾವು ಪರೀಕ್ಷಕರು ಎಂದು ಎಲ್ಲರೂ ಭಾವಿಸಿದ್ದಾರೆ. ಆಶ್ರಯಧಾಮದ ಬಾಗಿಲಲ್ಲಿ ಈ ಭ್ರಮೆ ಹರಿಯುತ್ತದೆ.

ಆ ಬಾಗಿಲು ತಲುಪುವುದೇ ಮೊದಲ ಅಗ್ನಿಪರೀಕ್ಷೆ. ಪಶ್ಚಿಮದವರ ಪಾಲಿಗೆ ಕೆಂಗೇರಿಯಲ್ಲಿರುವುದು 1996ರಿಂದ ನಡೆದಿರುವ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ. ಅಲ್ಲಿನ ರೋಗಿಗಳು ಹದ್ದು, ಹಾವು, ಕೋತಿ. ನಾಯಿ ಬೇಕೆಂದರೆ ಉತ್ತರಕ್ಕೆ ಮುಖ ಮಾಡಬೇಕು: ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಆರಂಭಿಸಿದ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆ ಹೆಬ್ಬಾಳದಲ್ಲಿ, ಚಾರ್ಲಿ ಎಂಬ ಮೂರು ಕಾಲಿನ ಇನ್ನೊಂದು ನಾಯಿಯ ಹೆಸರು ಹೊತ್ತ ರಕ್ಷಣಾ ಕೇಂದ್ರ ಯಲಹಂಕದಾಚೆ. ನಡುವೆ ಗೊರಗುಂಟೆಪಾಳ್ಯದ ಸಿಗ್ನಲ್ಲು. ಅರ್ಧ ವೈರಾಗ್ಯ ಅಲ್ಲೇ ಬರುತ್ತದೆ.

ಉಳಿದರ್ಧ ಅರ್ಜಿ ಫಾರಂ ನೋಡಿದಾಗ. ಮನೆ ಸ್ವಂತದ್ದೋ ಬಾಡಿಗೆಯದೋ? ಎಲ್ಲ ಸದಸ್ಯರ ಒಪ್ಪಿಗೆ ಇದೆಯೇ? ದಿನಕ್ಕೆ ಎಷ್ಟು ಹೊತ್ತು ಒಂಟಿ ಇರುತ್ತದೆ? ಕಟ್ಟಿಹಾಕುತ್ತೀರಾ? ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಮೇಲಾಗಿ ಅವರು ಮನೆಗೇ ಬಂದು ನೋಡಿ ಹೋಗುತ್ತಾರೆ. ಹೆಣ್ಣು ನೋಡಲು ಬಂದವರಿಗಾದರೆ ಕೇಸರಿಬಾತು ಕೊಟ್ಟು ಸಾಗಹಾಕಬಹುದು. ಇವರು ಬಾಲ್ಕನಿಯ ಗ್ರಿಲ್ಲು ಅಲುಗಾಡಿಸಿ ನೋಡುವವರು. ನಮ್ಮ ಆದಿಪುರುಷ ಮಣಲೆರನನ್ನೇ ಇಲ್ಲಿ ನಿಲ್ಲಿಸೋಣ. “ನಾಯಿಯನ್ನು ಯಾತಕ್ಕೆ ಒಯ್ಯುತ್ತಿದ್ದೀರಿ?” “ಹಂದಿಯ ಮೇಲೆ ಬಿಡಲು.” ಅರ್ಜಿ ತಿರಸ್ಕೃತ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ, ನಾಯಿಯ ಹೊಣೆ ಹೊರುವವರು ಯಾರು ಎಂಬುದು. ತಂದೆ ದಪ್ಪಕ್ಷರದಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಮಗಳು ತನ್ನದನ್ನೂ ಸೇರಿಸುತ್ತಾಳೆ. ಪಕ್ಕದಲ್ಲಿ ಕೂತ ತಾಯಿ ಏನೂ ಹೇಳುವುದಿಲ್ಲ. ನಾಯಿ ಹತ್ತು-ಹದಿನೈದು ವರ್ಷ ಬದುಕುತ್ತದೆ. ಮಗಳು ಹಾಸ್ಟೆಲಿಗೆ ಹೋಗುತ್ತಾಳೆ, ತಂದೆಗೆ ಮಂಡಿನೋವು ಬರುತ್ತದೆ, ಬೆಳಗಿನ ಐದೂವರೆಗೆ ಬಾಗಿಲಲ್ಲಿ ಬೆಲ್ಟು ಹಿಡಿದು ನಿಲ್ಲುವವರು ಯಾರೆಂದು ಆಕೆಗೆ ಗೊತ್ತು. ಪೂರ್ವಪಕ್ಷದಲ್ಲಿ ಆಕೆಯ ಆಕ್ಷೇಪ ದಾಖಲಾಗಿಲ್ಲ, ಏಕೆಂದರೆ ಆಕೆಯನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಸಿದ್ಧಾಂತ ಇಷ್ಟೇ: ಫಾರಂ ಮೊದಲು ತಾಯಿಯ ಕೈಗೆ ಹೋಗಬೇಕು, ಆಕೆ ಸಹಿ ಮಾಡಿದ ಮೇಲೆ ಉಳಿದವರು ತಮ್ಮ ಪಾಲಿನ ಕೆಲಸವನ್ನು ಹೊತ್ತು ಸಹಿತ ಬರೆದು ಕೊಡಬೇಕು. ಹಾಗೆ ಬರೆಯಲಾಗದ ಮನೆಗೆ ನಾಯಿಯಲ್ಲ, ದತ್ತಾತ್ರೇಯನ ಇನ್ನೊಂದು ಪಟ ಸಾಕು.

ಸಂಗತಿ ಮತ್ತು ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿ ನಾಯಿ ತಂದವರ ಚಪ್ಪಲಿಗಳು ಜೋಡಿ ತಪ್ಪುವವು, ಸೋಫಾದ ಸ್ಪಂಜು ಹೊರಬರುವುದು, ಮೂರು ತಿಂಗಳಲ್ಲಿ ಅಜ್ಜಿ ತಾವಾಗಿಯೇ ಮೊಸರನ್ನ ಕಲಸಿ “ನನಗೆ ಜಾಸ್ತಿಯಾಯ್ತು” ಎಂದು ಸುಳ್ಳು ಹೇಳುವರು. ಓದಿಯೂ “ಇನ್ನೊಂದ್ಸಲ ಯೋಚ್ನೆ ಮಾಡೋಣ” ಎಂದವರು ಭಾನುವಾರ ಸಂಜೆ ಏಳಕ್ಕೆ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಬಿದ್ದು, ಪಕ್ಕದ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ ಹೊಸ ನಾಯಿಯೊಂದು ತಮ್ಮನ್ನೇ ನೋಡಿ ಆಕಳಿಸುವುದನ್ನು ಕಾಣತಕ್ಕದ್ದು.