ಚಳಿಗಾಲವೇ ವಾಸಿ

ಅಲಾಸ್ಕದ ಒಳನಾಡಿನವರನ್ನು ‘ಅಯ್ಯೋ, ಆ ಚಳಿಯಲ್ಲಿ ಹೇಗಪ್ಪಾ ಇರ್ತೀರಿ?’ ಎಂದು ಕೇಳಿ ನೋಡಿ, ಒಳಗೊಳಗೇ ಖುಷಿಪಡುತ್ತಾರೆ. 1971ರ ಜನವರಿಯಲ್ಲಿ ಪ್ರಾಸ್ಪೆಕ್ಟ್ ಕ್ರೀಕಿನಲ್ಲಿ ತಾಪಮಾನ ಸೊನ್ನೆಯ ಕೆಳಗೆ 62 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದನ್ನು ಮಗನ ರ್‍ಯಾಂಕಿನಂತೆ ಹೇಳಿಕೊಳ್ಳುತ್ತಾರೆ. ಅದೇ ಸೀಮೆಯ ಫೋರ್ಟ್ ಯೂಕಾನಿನಲ್ಲಿ 1915ರ ಜೂನಿನಲ್ಲಿ ಸುಮಾರು 38 ಡಿಗ್ರಿ ಸೆಕೆಯಾದ ಮಾತನ್ನು ಅಷ್ಟಾಗಿ ಎತ್ತುವುದಿಲ್ಲ. ಸೆಕೆಯಲ್ಲಿ ಬಡಾಯಿ ಕೊಚ್ಚಿಕೊಳ್ಳಲು ಏನಿದೆ? ಅದು ಬಡವರಿಗೂ ಸಿಗುತ್ತದೆ.

ನನ್ನ ಲೆಕ್ಕದಲ್ಲಿ ಅಲ್ಲಿ ಚಳಿಗಾಲವೇ ಅನುಕೂಲದ ಕಾಲ. ಬೇಸಿಗೆಯಲ್ಲಿ ಮೊಣಕಾಲುದ್ದ ಹೂತುಹೋಗುವ ಜೌಗಿನ ಮೇಲೆ ನಾಯಿ ಎಳೆಯುವ ಜಾರುಬಂಡಿ ಸಲೀಸಾಗಿ ಓಡುತ್ತದೆ, ನದಿಯೇ ಹೆದ್ದಾರಿ. ತಾಪತ್ರಯವಿಲ್ಲ ಎನ್ನುತ್ತಿಲ್ಲ. ಅಲ್ಲಿನ ಫೇರ್‌ಬ್ಯಾಂಕ್ಸ್ ಊರಿನ ಕಾರುಗಳ ಮೂತಿಯಿಂದ ಪ್ಲಗ್ಗು ನೇತಾಡುತ್ತಿರುತ್ತದೆ. ರಾತ್ರಿ ಎಂಜಿನ್ನಿಗೆ ಕರೆಂಟಿನ ಶಾಖ ಕೊಡದಿದ್ದರೆ ಬೆಳಿಗ್ಗೆ ಅದು ಏಳುವುದಿಲ್ಲ. ಸೊನ್ನೆಯ ಕೆಳಗೆ ನಲವತ್ತಾದರೆ (ಅಲ್ಲಿಗೆ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಜಗಳ ಬಿಟ್ಟು ಒಂದಾಗಿರುತ್ತವೆ) ಟೈರಿನ ನೆಲಕ್ಕೊತ್ತಿದ ಭಾಗ ಚಪ್ಪಟೆಯಾಗಿ ಸೆಟೆದು, ಕಾರು ಸ್ವಲ್ಪ ದೂರ ಧಡ್ ಧಡ್ ಎಂದು ಕುಪ್ಪಳಿಸುತ್ತ ಹೋಗುತ್ತದೆ.

ಊರಾಚೆಯ ಎಷ್ಟೋ ಮರದ ಕ್ಯಾಬಿನ್ನುಗಳಲ್ಲಿ ನಲ್ಲಿಯಿಲ್ಲ. ನೀರನ್ನು ಕ್ಯಾನಿನಲ್ಲಿ ಹೊತ್ತು ತರಬೇಕು. ಕಕ್ಕಸು ಹೊರಗೆ, ಹಿಮ ದಾಟಿ. ಓದುಗರು ನಡುಗಬೇಡಿ: ಅಲ್ಲಿ ಕೂರುವ ಪೀಠವನ್ನು, ಗೋಡೆ ಬೆಚ್ಚಗಿರಲೆಂದು ಹಾಕುವ ನೀಲಿ ಫೋಮಿನ ಹಲಗೆಯಲ್ಲಿ ಕೊರೆದಿರುತ್ತಾರೆ. ಫೋಮು ಮೈಯ ಶಾಖವನ್ನು ಎಳೆದುಕೊಳ್ಳುವುದಿಲ್ಲ; ಎಂಥ ಚಳಿಯಲ್ಲೂ ಕೂತೊಡನೆ ಬೆಚ್ಚಗೆ. ಈ ಉಪಾಯ ಮೊದಲು ಹೊಳೆದವನ ಹೊಟ್ಟೆ ತಣ್ಣಗಿರಲಿ ಎಂದು ಹರಸೋಣವೆಂದರೆ, ಆ ಊರಿನಲ್ಲಿ ಅದು ಶಾಪವಾದೀತು.

ನಿಜವಾದ ಗೋಳು ಶುರುವಾಗುವುದು ಕರಗುವಾಗ. ನದಿಯ ಮೇಲೆ ನಡೆಯುವಂತಿಲ್ಲ, ದೋಣಿ ಇಳಿಸುವಂತಿಲ್ಲ, ದಾರಿಯೆಲ್ಲ ಕೆಸರು. ಕೈಕಟ್ಟಿ ಕೂತ ಮನುಷ್ಯ ಬಾಜಿ ಕಟ್ಟದೆ ಇರುತ್ತಾನೆಯೇ? ನೆನಾನಾ ಎಂಬ ಊರಿನಲ್ಲಿ 1917ರಲ್ಲಿ ರೈಲ್ವೆ ಕೆಲಸದವರು ಹಚ್ಚಿದ ಚಟ ಇಂದಿಗೂ ಬಿಟ್ಟಿಲ್ಲ. ಟನಾನಾ ನದಿಯ ಮಂಜುಗಡ್ಡೆಯ ಮೇಲೆ ಮರದ ಗೋಪುರವೊಂದನ್ನು ನಿಲ್ಲಿಸಿ, ಅದರಿಂದ ದಡದ ಗಡಿಯಾರಕ್ಕೆ ತಂತಿ ಕಟ್ಟುತ್ತಾರೆ. ಮಂಜು ಒಡೆದು ಗೋಪುರ ಸರಿದಾಗ ಗಡಿಯಾರ ನಿಲ್ಲುತ್ತದೆ. ಆ ನಿಮಿಷವನ್ನು ಊಹಿಸಿದವರಿಗೆ ದುಡ್ಡು. 2013ರಲ್ಲಿ ನದಿ ಮೇ 20ರವರೆಗೆ ಸತಾಯಿಸಿತು. 2019ರಲ್ಲಿ ಏಪ್ರಿಲ್ 14ಕ್ಕೇ ಒಡೆದು ಜಾಣರ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು.

ಆಮೇಲೆ ಸೂರ್ಯ ಬಂದು ಕೂರುತ್ತಾನೆ, ಏಳಿಸಿದರೂ ಹೋಗದ ನೆಂಟ. ಫೇರ್‌ಬ್ಯಾಂಕ್ಸಿನಲ್ಲಿ ಜೂನ್ 21ರ ರಾತ್ರಿ ಹತ್ತಕ್ಕೆ ಶುರುವಾಗುವ ಬೇಸ್‌ಬಾಲ್ ಆಟ, ದೀಪ ಹಚ್ಚದೆ ನಡುರಾತ್ರಿ ದಾಟಿ ನಡೆಯುತ್ತದೆ; 1906ರಿಂದ ಬಂದ ಪದ್ಧತಿ. ನಿದ್ದೆ ಬೇಕಾದವರು ಕಿಟಕಿಗೆ ಅಲ್ಯುಮಿನಿಯಂ ಹಾಳೆ ಅಂಟಿಸಿಕೊಳ್ಳುತ್ತಾರೆ.

ಮಲಗಿದ ಮಾತ್ರಕ್ಕೆ ಮನೆ ನೆಟ್ಟಗಿರಬೇಕಲ್ಲ. ಅಡಿಯ ಮಣ್ಣು ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದು. ಮೇಲೆ ಬೆಚ್ಚಗೆ ಸಂಸಾರ ಹೂಡಿದರೆ ಅದು ಕರಗಿ ಒಂದು ಮೂಲೆ ಕುಸಿಯುತ್ತದೆ. ತಿಳಿದವರು ಮನೆಯನ್ನು ಎತ್ತರಿಸಿ ತಗ್ಗಿಸಬಹುದಾದ ಕಂಬಗಳ ಮೇಲೆ ಕೂರಿಸಿರುತ್ತಾರೆ. ಯಜಮಾನ ರಸಮಟ್ಟ ಹಿಡಿದು ಮನೆಯಡಿ ತೂರಿ, ಜಾಕ್ ಕೊಟ್ಟು ಕುಸಿದ ಮೂಲೆಯನ್ನು ಎತ್ತಬೇಕು. ಅಷ್ಟೊತ್ತಿಗೆ ಸೊಳ್ಳೆಗಳೂ ಅಲ್ಲೇ ಕಾದಿರುತ್ತವೆ, ಅವನ ಎರಡೂ ಕೈಗೆ ಕೆಲಸ ಹತ್ತಲೆಂದು.